ಚಾನಲ್ ನೀರು ಬಂದಾಗ ಕೈಕೊಡುವ ಶೌಚಾಲಯ: ಭದ್ರಾ ಅಚ್ಚುಕಟ್ಟಿನ ಒಂದು ಊರಿನ ಪ್ರಕರಣ

ದಾವಣಗೆರೆ ತಾಲ್ಲೂಕಿನ ಈ ಊರಿನಲ್ಲಿ ಹೆಚ್ಚುಕಮ್ಮಿ ಎಲ್ಲ ಮನೆಗೂ ಶೌಚಾಲಯ ಇದೆ. ಕಾಗದದ ಮೇಲೆ ಊರು ಬಯಲು ಶೌಚಮುಕ್ತ. ಆದರೆ ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟ ಕೆಲವೇ ವಾರಗಳಲ್ಲಿ ತಗ್ಗಿನ ಓಣಿಗಳ ಶೌಚಾಲಯಗಳು ಕೈಕೊಡುತ್ತವೆ. ಬಕೆಟ್ ನೀರು ಹಾಕಿದರೆ ಒಳಗೆ ಹೋಗುವುದಿಲ್ಲ, ತಿರುಗಿ ಮೇಲೆ ಬರುತ್ತದೆ. ಆಗ ಹೆಂಗಸರು ನಸುಕಿನಲ್ಲೇ ಎದ್ದು ಚೊಂಬು ಹಿಡಿದು ನಾಲೆ ಏರಿಯ ಕಡೆ ಹೋಗುತ್ತಾರೆ. ಸುತ್ತ ಗದ್ದೆಯಲ್ಲಿ ನೀರು ನಿಂತಿರುವಾಗ ಏರಿ ಮತ್ತು ರಸ್ತೆ ಪಕ್ಕ ಬಿಟ್ಟರೆ ಬೇರೆ ಜಾಗವೇ ಇಲ್ಲ.

ಪಂಚಾಯಿತಿ ಮುಂದೆ ಜನ ಇಟ್ಟ ಬೇಡಿಕೆ ಸರಳವಾಗಿತ್ತು: ಗುಂಡಿ ಸಣ್ಣದಾಗಿದೆ, ಇನ್ನೂ ನಾಲ್ಕಡಿ ಆಳ ತೆಗೆಸಿಕೊಡಿ. ಊರಿನ ನೈರ್ಮಲ್ಯ ಯೋಜನೆ ಮಾಡಲು ತಾಂತ್ರಿಕ ಸಹಾಯಕ್ಕೆ ನನ್ನನ್ನು ಕರೆದದ್ದು ಈ ಬೇಡಿಕೆಯ ಮೇಲೆಯೇ. ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಇಂಥ ಊರುಗಳು ಈ ಅಚ್ಚುಕಟ್ಟಿನಲ್ಲಿ ಇನ್ನೂ ಇವೆ, ಒಂದನ್ನೇ ಬೆರಳು ಮಾಡಿ ತೋರಿಸುವುದು ಸರಿಯಲ್ಲ.

ಗುಂಡಿಯಲ್ಲಿ ತುಂಬಿದ್ದು ಏನು?

ಮೊದಲು ಒಂದು ಲೆಕ್ಕ ಹಾಕಿದೆವು. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ರಿಂಗ್ ಗುಂಡಿಯಲ್ಲಿ ಸುಮಾರು 780 ಲೀಟರ್ ಹಿಡಿಯುತ್ತದೆ. ನೀರು ಇಂಗಿ ಹೋದ ಮೇಲೆ ಉಳಿಯುವ ಗಟ್ಟಿ, ಒಬ್ಬರಿಗೆ ವರ್ಷಕ್ಕೆ 45ರಿಂದ 65 ಲೀಟರ್ ಆಸುಪಾಸು. ಐದು ಜನರ ಮನೆಗೆ ವರ್ಷಕ್ಕೆ 325 ಲೀಟರ್ ಅಂತಲೇ ಜಾಸ್ತಿ ಹಿಡಿಯೋಣ. ಅಂದರೆ ಗುಂಡಿ ತುಂಬಲು ಎರಡು ವರ್ಷದ ಮೇಲೆ ಬೇಕು. ಈ ಊರಿನಲ್ಲಿ ಅದು ಒಂದು ತಿಂಗಳಲ್ಲಿ ತುಂಬುತ್ತಿತ್ತು. ಹಾಗಿದ್ದರೆ ತುಂಬುತ್ತಿರುವುದು ಮಲ ಅಲ್ಲ, ನೀರು. ಅದೂ ಮನೆಯವರು ಹಾಕಿದ ನೀರು ಮಾತ್ರ ಅಲ್ಲ, ನೆಲದಿಂದ ಒಳಗೆ ಬರುವ ನೀರು.

ಗದ್ದೆ ಪಕ್ಕದ ತಗ್ಗಿನಲ್ಲಿರುವ ಕಾಲೋನಿಯ ಕೊನೆ ಮನೆಯ ಹಿತ್ತಲಿನಲ್ಲಿ ಗುಂಡಿಯಿಂದ ದೂರ ಒಂದು ಕುಣಿ ತೆಗೆಸಿದೆವು. ನಾಲೆಯಲ್ಲಿ ನೀರು ಹರಿಯುತ್ತಿದ್ದ ಕಾಲ. ಮೇಲೆ ಎರೆ ಮಣ್ಣು, ಹಾರೆಗೆ ಮೆತ್ತಿಕೊಂಡು ಬಿಡುತ್ತಿರಲಿಲ್ಲ. ಸೊಂಟದ ಆಳಕ್ಕೆ ಹೋಗುವ ಮೊದಲೇ ಕುಣಿಯ ಗೋಡೆ ಬೆವರಿತು, ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ನಿಂತಿತು. ಮನೆಯ ಯಜಮಾನರು ಅದನ್ನು ನೋಡಿ, "ಹಂಗಾರೆ ಆಳ ತೆಗೆದ್ರೆ ಬಾವಿ ತೆಗ್ದಂಗೆ ಆಕ್ಕತಿ ಬಿಡ್ರಿ" ಅಂದರು. ಆಳದ ಬೇಡಿಕೆ ಅಲ್ಲಿಗೇ ಮುಗಿಯಿತು. ನಾವು ಎಷ್ಟು ಭಾಷಣ ಮಾಡಿದ್ದರೂ ಆ ಕುಣಿಯಷ್ಟು ಹೇಳಲು ಆಗುತ್ತಿರಲಿಲ್ಲ.

ಇಂಗು ಗುಂಡಿಯ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ನಡುವೆ ಎರಡು ಮೀಟರ್ ಒಣ ಮಣ್ಣು ಇರಬೇಕು ಅನ್ನುವುದು ಒಳ್ಳೆಯ ಪದ್ಧತಿ. ಆ ಮಣ್ಣೇ ರೋಗಾಣುಗಳನ್ನು ಸೋಸುವುದು. ಇಲ್ಲಿ ಗುಂಡಿಯೇ ನೀರಿನಲ್ಲಿ ಕೂತಿದೆ. ಇನ್ನು ಎರೆ ಮಣ್ಣಿನ ಗುಣ ಗೊತ್ತಲ್ವಾ? ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ನೆಂದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಒಣ ನೆಲದಲ್ಲಿ ಇಂಗುವ ಪರೀಕ್ಷೆ ಮಾಡಿದರೆ ನೀರು ಬಿರುಕಿನಲ್ಲಿ ಸರ್ರನೆ ಇಳಿದುಹೋಗುತ್ತದೆ, ನೆಲ ತುಂಬಾ ಚೆನ್ನಾಗಿದೆ ಅನ್ನಿಸುತ್ತದೆ. ಅದೇ ಜಾಗದಲ್ಲಿ ಹಿಂದಿನ ರಾತ್ರಿಯೇ ನೀರು ತುಂಬಿಸಿ ಮಣ್ಣು ನೆನೆಸಿ, ಮರುದಿನ ಅಳೆದು ನೋಡಬೇಕು. ಒಂದಿಂಚು ಇಳಿಯಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿದರೆ ಅಲ್ಲಿ ಇಂಗು ಗುಂಡಿ ನಂಬಬಾರದು. ಕಾಲೋನಿಯಲ್ಲಿ ಅರ್ಧ ಗಂಟೆಗೆ ಗೀಟು ಹಾಕಿದ ಕಡ್ಡಿಯ ಮೇಲೆ ನೀರು ಅಲುಗಿದ್ದೇ ಕಾಣಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಷ್ಟೇ. ಶೌಚಾಲಯದ ಯೋಜನೆಯನ್ನು ವರ್ಷದ ಅತಿ ಕೆಟ್ಟ ತಿಂಗಳಲ್ಲಿ ನಿಂತು ಮಾಡಬೇಕು. ಈ ಭಾಗದಲ್ಲಿ ಆ ತಿಂಗಳನ್ನು ಮಳೆ ತೀರ್ಮಾನಿಸುವುದಿಲ್ಲ, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬಿಡುವ ನೀರು ತೀರ್ಮಾನಿಸುತ್ತದೆ. ಮಳೆಗಾಲದ ಬೆಳೆಗೆ ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ, ಬೇಸಿಗೆ ಬೆಳೆಗೆ ಜನವರಿ ಹೊತ್ತಿಗೆ. ಎರಡು ಬೆಳೆಗೂ ನೀರು ಸಿಕ್ಕ ವರ್ಷ ಗದ್ದೆಗೆ ಸುಗ್ಗಿ, ಗುಂಡಿಗೆ ಗ್ರಹಚಾರ.

ಒಂದೇ ಊರು, ಮೂರು ನೆಲ

ಊರನ್ನು ನಡೆದು ನೋಡಿದಾಗ ಮೂರು ಭಾಗ ಬೇರೆ ಬೇರೆಯಾಗಿ ಕಂಡವು. ಹಳೇ ಊರು ಸ್ವಲ್ಪ ದಿಬ್ಬದ ಮೇಲಿದೆ. ಅಲ್ಲಿ ಮಸಾರಿ ಮಣ್ಣು, ಕೆಳಗೆ ಗರಸು. ನಾಲೆ ತುಂಬಿ ಹರಿಯುವಾಗಲೂ ನೀರಿನ ಮಟ್ಟ ಕೆಳಗೇ ಇರುತ್ತದೆ. ಮನೆಗಳು ಮಾತ್ರ ಗೋಡೆಗೆ ಗೋಡೆ ತಾಗಿಕೊಂಡಿವೆ. ಎರಡನೆಯದು ಕಾಲೋನಿ, ಗದ್ದೆಗೆ ಅಂಟಿಕೊಂಡ ತಗ್ಗು. ಮೂರನೆಯದು ಊರಾಚೆ, ಗದ್ದೆಗಳ ನಡುವಿನ ಕ್ಯಾಂಪ್. ಅಲ್ಲಿ ಮನೆ ದೂರ ದೂರ, ಕಣ ಇದೆ, ಎಮ್ಮೆ ಆಕಳು ಇವೆ.

ಕಾಲೋನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಡವರಿಗೆ, ಅದರಲ್ಲೂ ದಲಿತ ಕುಟುಂಬಗಳಿಗೆ, ನಿವೇಶನ ಕೊಡುವಾಗ ಯಾರಿಗೂ ಬೇಡವಾದ ತಗ್ಗು ಜಾಗವನ್ನೇ ಕೊಟ್ಟಿದ್ದಾರೆ. ಆಮೇಲೆ ಅದೇ ಜನರಿಗೆ ಶೌಚಾಲಯ ಬಳಸುವುದಿಲ್ಲ, ತಿಳಿವಳಿಕೆ ಇಲ್ಲ ಎಂದು ಬೈಯುವುದು. ಬಳಸಲು ಆಗದ ಶೌಚಾಲಯ ಕೊಟ್ಟು ಬಳಸಿ ಅಂತ ಹೇಳುವುದು ದೊಡ್ಡ ಅನ್ಯಾಯ. ಸ್ವಚ್ಛ ಭಾರತ್‌ನ 12,000 ರೂಪಾಯಿ ಪ್ರೋತ್ಸಾಹಧನ ದಿಬ್ಬಕ್ಕೂ ತಗ್ಗಿಗೂ ಒಂದೇ, ಮೇಸ್ತ್ರಿಯ ಕೈಯಲ್ಲಿದ್ದ ನಕ್ಷೆಯೂ ಒಂದೇ. ಇದೇ ತಾಲ್ಲೂಕಿನ ಆನಗೋಡು, ಮಾಯಕೊಂಡದ ಕಡೆಯ ಮಳೆಯಾಶ್ರಿತ ಒಣ ನೆಲಕ್ಕೆ ಆ ನಕ್ಷೆ ಸರಿಯಾಗಿ ಹೊಂದುತ್ತದೆ. ನಾಲೆ ಕೆಳಗಿನ ಎರೆಗೆ ಹೊಂದುವುದಿಲ್ಲ.

ಮೂರೂ ಕಡೆ ಬೋರ್‌ವೆಲ್ ಮತ್ತು ಕೈಪಂಪಿನ ನೀರನ್ನು ಹೈಡ್ರೋಜನ್ ಸಲ್ಫೈಡ್ ಬಾಟಲಿಯಲ್ಲಿ ಹಾಕಿ ಇಟ್ಟೆವು. ಪಂಚಾಯಿತಿಯಲ್ಲಿ ಸಿಗುವ ಸಣ್ಣ ಬಾಟಲಿ ಅದು. ನೀರಿನಲ್ಲಿ ಮಲದ ಸೋಂಕು ಇದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕಾಲೋನಿ ಕೈಪಂಪಿನ ಬಾಟಲಿ ಮರುದಿನ ಬೆಳಿಗ್ಗೆಯೇ ಮಸಿಯಂತೆ ಕಪ್ಪಾಗಿತ್ತು. ಅಂಗನವಾಡಿ ಕಟ್ಟೆಯ ಮೇಲೆ ಮೂರನ್ನೂ ಸಾಲಾಗಿ ಇಟ್ಟಾಗ ತಾಯಂದಿರು ಒಬ್ಬೊಬ್ಬರೇ ಬಂದು ನೋಡಿ ಹೋದರು. ಆ ಕೈಪಂಪಿನ ನೀರನ್ನು ಕುಡಿಯಲು ಬಳಸುವುದನ್ನು ಅವರೇ ನಿಲ್ಲಿಸಿದರು, ನಲ್ಲಿ ನೀರು ಬರುವ ಹೊತ್ತನ್ನು ಬದಲಿಸುವಂತೆ ನೀರಗಂಟಿಯನ್ನು ಅವರೇ ಕೇಳಿದರು.

ಎತ್ತಿದ್ದು ಎಲ್ಲಿಗೆ ಹೋಗುತ್ತದೆ

ಶೌಚಾಲಯ ಅಂದರೆ ನಾಲ್ಕು ಗೋಡೆ, ಒಂದು ಬೇಸಿನ್ ಅಂತ ತಿಳಿಯುವುದರಿಂದಲೇ ಯೋಜನೆ ದಾರಿ ತಪ್ಪುತ್ತದೆ. ಕೂರುವ ಜಾಗ, ಸೇರುವ ಗುಂಡಿ, ಸಾಗಿಸುವ ದಾರಿ, ಶುದ್ಧ ಮಾಡುವ ಜಾಗ, ಕೊನೆಗೆ ಮಣ್ಣಿಗೋ ನೀರಿಗೋ ಸೇರುವ ರೀತಿ, ಇಷ್ಟೂ ಒಂದೇ ಸರಪಳಿ. ಇದರಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಉಳಿದದ್ದಕ್ಕೆ ಹಾಕಿದ ದುಡ್ಡು ದಂಡ. ಹಾಗಾಗಿ ನಾವು ಕೊನೆಯ ಕೊಂಡಿಯಿಂದ ಹಿಂದಕ್ಕೆ ಕೇಳುತ್ತಾ ಬಂದೆವು.

ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರು ಸಕ್ಕಿಂಗ್ ಗಾಡಿ ಕರೆಸುತ್ತಾರೆ. ಗಾಡಿ ಹೊಟ್ಟೆ ತುಂಬಿಸಿಕೊಂಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮೊದಲು ಯಾರೂ ಬಾಯಿ ಬಿಡಲಿಲ್ಲ. ಸುಮ್ನೆ ಊರಾಚೆ ಹೋಗುತ್ತದೆ ಅಂದರು. ಆಚೆ ಅಂದರೆ ಬಸಿಗಾಲುವೆ. ಬಸಿಗಾಲುವೆ ಹಳ್ಳಕ್ಕೆ, ಹಳ್ಳ ತುಂಗಭದ್ರೆಗೆ. ಕೆಳಗಿನ ಊರಿನ ದನ ಕುಡಿಯುವುದು ಅದೇ ಹಳ್ಳದಲ್ಲಿ.

ಗಾಡಿ ಕರೆಸಲು ಕಾಸಿಲ್ಲದವರು, ಗಾಡಿ ಹೋಗದ ಓಣಿಯವರು ಮನುಷ್ಯರನ್ನು ಕರೆಯುತ್ತಾರೆ. ಇದನ್ನು ಬರೆಯುವಾಗ ಕೈ ನಡುಗುತ್ತದೆ. 1970ರ ದಶಕದಲ್ಲೇ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ರಾಜ್ಯ ನಮ್ಮದು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದಿದೆ. ಒಳಗೆ ಇಳಿದವರ ಸಾವಾದರೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದು ಹೇಳಿ, 2023ರಲ್ಲಿ 30 ಲಕ್ಷಕ್ಕೆ ಏರಿಸಿದೆ. ಆದರೂ ಒಂದೇ ಗುಂಡಿ ತೋಡಿ, ಅದು ತುಂಬಿದರೆ ಏನು ಅಂತ ಯೋಚಿಸದೆ ಬಿಟ್ಟ ಪ್ರತಿ ಶೌಚಾಲಯವೂ ಮುಂದೆ ಯಾರೋ ಒಬ್ಬರನ್ನು ಅದರೊಳಗೆ ಇಳಿಸುವ ಏರ್ಪಾಡೇ. ಗ್ರಾಮಸಭೆಯಲ್ಲಿ ಮೊದಲ ನಿರ್ಣಯ ಇದರ ಮೇಲೆಯೇ ಆಯಿತು: ಮನುಷ್ಯ ಇಳಿಯಬೇಕಾಗಿ ಬರುವ ಯಾವ ವ್ಯವಸ್ಥೆಯನ್ನೂ ಈ ಊರಿನಲ್ಲಿ ಹೊಸದಾಗಿ ಕಟ್ಟುವಂತಿಲ್ಲ.

ಬಿಟ್ಟ ಆಯ್ಕೆಗಳು

ದಾವಣಗೆರೆ ಸಿಟಿಯಲ್ಲಿ ಇದ್ದಂತೆ ನಮಗೂ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಮಾಡಿಸಿ ಎಂದು ಕೆಲವು ಸದಸ್ಯರು ಪಟ್ಟು ಹಿಡಿದರು. ಆಸೆ ತಪ್ಪಲ್ಲ. ಆದರೆ ಚಪ್ಪಟೆ ನೆಲದಲ್ಲಿ ಪೈಪ್‌ಗೆ ವಾಟ ಕೊಡುತ್ತಾ ಹೋದರೆ ಬೇಗ ಆಳಕ್ಕೆ ಇಳಿಯುತ್ತದೆ, ಅಲ್ಲಿ ಪಂಪ್ ಬೇಕು, ಪಂಪ್‌ಗೆ ಕರೆಂಟ್ ಬೇಕು, ನೋಡಿಕೊಳ್ಳಲು ಆಳು ಬೇಕು. ಅಂತರ್ಜಲದಲ್ಲಿ ಮುಳುಗಿದ ಪೈಪಿನ ಜಾಯಿಂಟ್‌ಗಳಿಂದ ನೀರು ಒಳಗೆ ನುಗ್ಗುತ್ತದೆ. ಆಗ ಊರಿನ ಕೊಳಚೆಗಿಂತ ನಾಲೆಯ ಬಸಿ ನೀರನ್ನೇ ಪಂಪ್ ಮಾಡುತ್ತಾ ಕೂರಬೇಕು. ಈ ಪಂಚಾಯಿತಿಯ ಕೈಲಿ ಅದು ಆಗುವ ಮಾತಲ್ಲ.

ನೀರು ಹಾಕದೆ ಬೂದಿ ಹಾಕುವ, ಮೂತ್ರ ಬೇರೆ ಮಾಡುವ ಇಕೋಸ್ಯಾನ್ ಶೌಚಾಲಯ ಇಂಥ ಜೌಗು ನೆಲಕ್ಕೆ ಶಾಸ್ತ್ರದ ಪ್ರಕಾರ ಚೆನ್ನಾಗಿ ಹೊಂದುತ್ತದೆ, ನೆಲದ ಮೇಲೆಯೇ ಕಟ್ಟುವುದರಿಂದ. ಆದರೆ ತೊಳೆದುಕೊಳ್ಳಲು ಪಕ್ಕಕ್ಕೆ ಸರಿಯಬೇಕು, ಪ್ರತಿ ಸಲ ಬೂದಿ ಬೇಕು, ಒಂದು ಹನಿ ನೀರು ಬಿದ್ದರೂ ವಾಸನೆ. ಗ್ಯಾಸ್ ಒಲೆ ಬಂದ ಮನೆಯಲ್ಲಿ ಬೂದಿ ಎಲ್ಲಿಂದ ತರುವುದು ಎಂದು ಹೆಂಗಸರು ಕೇಳಿದ ಮೇಲೆ ಆ ಮಾತು ಮುಂದುವರಿಯಲಿಲ್ಲ.

ದಿಬ್ಬ ಮತ್ತು ಕ್ಯಾಂಪ್

ಹಳೇ ಊರಿಗೆ ಎರಡು ಗುಂಡಿಯ ಶೌಚಾಲಯವೇ ಸಾಕು ಎಂದು ಬೇಗ ತೀರ್ಮಾನವಾಯಿತು. ಇದ್ದ ಶೌಚಾಲಯಗಳಲ್ಲೂ ಹಲವಕ್ಕೆ ಎರಡು ಗುಂಡಿ ಇದ್ದವು, ಆದರೆ ಮಲವನ್ನು ಒಂದು ಸಲಕ್ಕೆ ಒಂದೇ ಗುಂಡಿಗೆ ತಿರುಗಿಸಬೇಕಾದ ನಡುವಿನ ಚೇಂಬರ್ ತೆಗೆದು ನೋಡಿದರೆ ಎರಡೂ ಬಾಯಿ ತೆರೆದೇ ಇದ್ದವು. ಮಲ ಎರಡಕ್ಕೂ ಹೋಗುತ್ತಿತ್ತು. ಹಾಗಾದರೆ ಎರಡೂ ಒಟ್ಟಿಗೆ ತುಂಬುತ್ತವೆ, ಒಂದಕ್ಕೂ ವಿಶ್ರಾಂತಿ ಇರುವುದಿಲ್ಲ. ಒಂದು ಬಾಯಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತುವುದು ಹತ್ತು ನಿಮಿಷದ ಕೆಲಸ. ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ಅದು ವಾಸನೆ ಇಲ್ಲದ ಕರಿ ಗೊಬ್ಬರವಾಗುತ್ತದೆ, ಮನೆಯವರೇ ಸಲಿಕೆಯಲ್ಲಿ ತೆಗೆದು ತೋಟಕ್ಕೆ ಹಾಕಬಹುದು. ಜೊತೆಗೆ ಇಳಿಜಾರು ಜಾಸ್ತಿ ಇರುವ ಗ್ರಾಮೀಣ ಪ್ಯಾನ್ ಹಾಕಲು ಹೇಳಿದೆವು. ಅದಕ್ಕೆ ಒಂದೂವರೆ ಎರಡು ಲೀಟರ್ ನೀರು ಸಾಕು, ಸಿಟಿ ಬೇಸಿನ್‌ಗೆ ಬಕೆಟ್ ಪೂರ್ತಿ ಬೇಕು.

ಕ್ಯಾಂಪ್‌ನಲ್ಲಿ ಜಾಗ ಇದೆ. ಹೊಸದಾಗಿ ಕಟ್ಟುವವರು ನೆಲಮಟ್ಟದಿಂದ ಎತ್ತರಿಸಿ ಗುಂಡಿ ಕಟ್ಟಿ, ಸುತ್ತ ಒಂದೂವರೆ ಮೀಟರ್‌ವರೆಗೆ ಮಣ್ಣು ಏರಿಸಿ ದಮ್ಮಸು ಹಾಕಬಹುದು. ನಾಲ್ಕೈದು ದನ ಇರುವ ಮನೆಗಳು ಎರಡು ಘನ ಮೀಟರಿನ ಗೋಬರ್ ಗ್ಯಾಸ್‌ಗೆ ಶೌಚಾಲಯ ಜೋಡಿಸಬಹುದು. ದಿನಕ್ಕೆ 50 ಕಿಲೋ ಸಗಣಿ ಬೇಕು ಅನ್ನುವುದನ್ನು ಮೊದಲೇ ಹೇಳಿದೆವು.

ಕಾಲೋನಿಗೆ ಏನು?

ಎಲ್ಲ ಯೋಚನೆ ಬಂದು ನಿಂತದ್ದು ಇಲ್ಲೇ. ಇಲ್ಲೂ ಗುಂಡಿ ಎತ್ತರಿಸಿದರೆ ಆಯಿತು ಎಂದು ಮೊದಲ ಸಲಹೆ ಬಂತು. ಮೇಸ್ತ್ರಿ ಲೆವೆಲ್ ಪೈಪ್ ಹಿಡಿದು ಅಳೆದಾಗ ತೊಡಕು ಗೊತ್ತಾಯಿತು. ಗುಂಡಿ ಎರಡಡಿ ಮೇಲೆ ಬಂದರೆ ಬೇಸಿನ್ನೂ ಎರಡಡಿ ಮೇಲೆ ಬರಬೇಕು, ಇಲ್ಲದಿದ್ದರೆ ಹರಿಯುವುದಿಲ್ಲ. ಅಂದರೆ ಇರುವ ಶೌಚಾಲಯದ ನೆಲ ಒಡೆದು ಎತ್ತರಿಸಬೇಕು, ಆಗ ತಲೆ ಸೂರಿಗೆ ತಾಗುತ್ತದೆ, ಮುಂದೆ ನಾಲ್ಕು ಮೆಟ್ಟಿಲು ಬರುತ್ತವೆ. ಮೊಣಕಾಲು ನೋವಿನ ಒಬ್ಬ ಅಜ್ಜಿ, "ತಮ್ಮಾ, ಅಷ್ಟು ಹತ್ತಾಕೆ ಆಗಿದ್ರೆ ನಾನು ಏರಿ ಮ್ಯಾಲೇ ಹೋಗ್ತಿದ್ದೆ" ಅಂದರು. ಇಂಥವರು ಬಹುತೇಕ ಪ್ರತಿ ಮನೆಯಲ್ಲೂ ಇದ್ದಾರೆ. ಒಂದಕ್ಕೆ ಹನ್ನೆರಡರ ಇಳಿಜಾರಿನ ದಾರಿ ಮಾಡಲು ಎರಡಡಿ ಎತ್ತರಕ್ಕೆ ಇಪ್ಪತ್ನಾಲ್ಕು ಅಡಿ ಉದ್ದ ಬೇಕು. ಕಾಲೋನಿಯ ಹಿತ್ತಲು ಅಷ್ಟು ಉದ್ದವೇ ಇಲ್ಲ.

ಕೊನೆಗೆ ಒಪ್ಪಿದ್ದು ಇದು. ಹಿಂದಿನ ಓಣಿಯಲ್ಲಿ ನಾಲ್ಕೈದು ಮನೆಗೆ ಒಂದರಂತೆ ನೀರು ಜಿನುಗದ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್. ಅದರಿಂದ ಹೊರಬರುವ ನೀರು, ಮತ್ತು ಕಸ ಹಿಡಿಯುವ ಸಣ್ಣ ತೊಟ್ಟಿ ದಾಟಿ ಬರುವ ಬಚ್ಚಲ ನೀರು, ಎರಡೂ ಓಣಿಯ ಕೊನೆಯಲ್ಲಿ ತಳಕ್ಕೆ ಸಿಮೆಂಟ್ ಹಾಕಿದ ಜಲ್ಲಿಕಲ್ಲಿನ ಪಾತಿಗೆ. ಪಾತಿಯಲ್ಲಿ ಕಾಬಾಳೆ. ಜಲ್ಲಿಯ ನಡುವೆ ನಿಧಾನಕ್ಕೆ ಹರಿದು ತಿಳಿಯಾದ ನೀರು ಬಸಿಗಾಲುವೆಗೆ. ಈ ನೀರಿನಲ್ಲಿ ರೋಗಾಣು ಪೂರ್ತಿ ಸತ್ತಿರುವುದಿಲ್ಲ. ಸೊಪ್ಪು ತರಕಾರಿಗೆ ಬಿಡಬಾರದು, ಮಕ್ಕಳು ಕಾಲು ಇಡದಂತೆ ಜಲ್ಲಿಯ ಮೇಲೆ ನೀರು ಕಾಣಿಸಿಕೊಳ್ಳಬಾರದು. ಆದರೆ ಹಿತ್ತಲ ಗುಂಡಿಯಿಂದ ನೇರ ಕೈಪಂಪಿಗೆ ಹೋಗುತ್ತಿದ್ದುದಕ್ಕೆ ಹೋಲಿಸಿದರೆ ಇದು ತುಂಬಾ ಮೇಲು.

ಇಲ್ಲೊಂದು ಸೂಕ್ಷ್ಮ ಇದೆ. ಅಂತರ್ಜಲದಲ್ಲಿ ಕೂತ ಟ್ಯಾಂಕ್ ಖಾಲಿಯಾದರೆ ತೇಲುತ್ತದೆ. ಕೆಳಗಿನ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ, ಪೈಪ್ ಮುರಿಯುತ್ತದೆ, ಗೋಡೆ ಬಿರುಕು ಬಿಡುತ್ತದೆ. ಅದಕ್ಕೆ ತಳದ ಸ್ಲ್ಯಾಬನ್ನು ಗೋಡೆಗಿಂತ ಹೊರಗೆ ಚಾಚಿಸಿ, ಅದರ ಮೇಲೆ ಮಣ್ಣಿನ ಭಾರ ಕೂರುವಂತೆ ಮಾಡಬೇಕು. ಮತ್ತು ಟ್ಯಾಂಕ್ ಎತ್ತಿಸುವುದು ನಾಲೆ ನಿಂತ ತಿಂಗಳಲ್ಲಿ ಮಾತ್ರ, ಜೂನ್‌ನಲ್ಲೋ ಡಿಸೆಂಬರ್‌ನಲ್ಲೋ. ತಳದಲ್ಲಿ ಸ್ವಲ್ಪ ಕೆಸರು ಬಿಟ್ಟು, ಎತ್ತಿದ ದಿನವೇ ನೀರು ತುಂಬಿಸಬೇಕು. ನೀರಗಂಟಿ ಇದನ್ನು ನಾಲೆ ನೀರಿನ ವೇಳಾಪಟ್ಟಿಯ ಪಕ್ಕದಲ್ಲೇ ಪಂಚಾಯಿತಿ ಗೋಡೆಗೆ ಬರೆಸಿದರು. ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಅದು.

ಐದು ಮನೆ ಒಂದು ಟ್ಯಾಂಕ್ ಹಂಚಿಕೊಳ್ಳುವುದು ಸುಲಭ ಅಲ್ಲ. ಪೈಪ್ ಕಟ್ಟಿಕೊಂಡರೆ ಯಾರ ಮನೆಯದು ಎಂಬ ಜಗಳ ಬಂದೇ ಬರುತ್ತದೆ. ಅದಕ್ಕೆ ಪ್ರತಿ ಮನೆಯ ಪೈಪಿಗೂ ಬೇರೆ ಚೇಂಬರ್ ಇಟ್ಟು, ಎಲ್ಲಿ ನಿಂತಿದೆ ಎಂದು ಮುಚ್ಚಳ ತೆಗೆದರೆ ಕಾಣುವಂತೆ ಮಾಡಲಾಗಿದೆ. ಯಾವ ಮನೆ ಯಾವ ಗುಂಪು ಅನ್ನುವುದನ್ನು ಸ್ವಸಹಾಯ ಸಂಘದ ಹೆಂಗಸರೇ ಕೂತು ತೀರ್ಮಾನಿಸಿದರು. ಮಾತು ಬಿಟ್ಟ ಎರಡು ಮನೆಗಳನ್ನು ಬೇರೆ ಬೇರೆ ಟ್ಯಾಂಕಿಗೆ ಹಾಕಿದ್ದು ಅವರ ಜಾಣತನ. ಎಂಜಿನಿಯರ್ ನಕ್ಷೆಯಲ್ಲಿ ಅದು ಬರುತ್ತಿರಲಿಲ್ಲ.

ದುಡ್ಡು ಮತ್ತು ಉಳಿದ ಕೆಲಸ

ಸ್ವಚ್ಛ ಭಾರತ್ ಗ್ರಾಮೀಣ ಎರಡನೇ ಹಂತದ ನಿಯಮದಲ್ಲಿ 5,000ದವರೆಗಿನ ಜನಸಂಖ್ಯೆಯ ಊರಿಗೆ ಬಚ್ಚಲ ನೀರಿನ ನಿರ್ವಹಣೆಗೆ ತಲೆಗೆ 280 ರೂಪಾಯಿವರೆಗೆ, ಮಲದ ಕೆಸರಿನ ನಿರ್ವಹಣೆಗೆ ತಲೆಗೆ 230 ರೂಪಾಯಿವರೆಗೆ ಅವಕಾಶ ಇತ್ತು. ಬಚ್ಚಲ ನೀರಿನ ಹಣದಲ್ಲಿ ಶೇ 30 ಪಂಚಾಯಿತಿಯು ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಹಳೇ ಊರಿನ ಬಚ್ಚಲು ಗುಂಡಿಗಳು ಆಗಿನ ನರೇಗಾದಲ್ಲಿ. ಕಟ್ಟುವ ದುಡ್ಡು ಹೀಗೆ ಹೊಂದಿಸಬಹುದಿತ್ತು. ಕಷ್ಟ ಇರುವುದು ನಡೆಸುವ ದುಡ್ಡಿನಲ್ಲಿ. ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕ್ ಎತ್ತಿಸುವ ಖರ್ಚು ಒಮ್ಮೆಲೇ ಬಂದರೆ ಕೂಲಿ ಮನೆಗೆ ಭಾರ. ನೀರಿನ ಕಂದಾಯದ ಜೊತೆ ತಿಂಗಳಿಗಿಷ್ಟು ಎಂದು ಸೇರಿಸಿ ಬೇರೆ ಖಾತೆಯಲ್ಲಿ ಇಡಲು ಗ್ರಾಮಸಭೆ ಒಪ್ಪಿದೆ. ಮೊತ್ತದ ಮೇಲೆ ಇನ್ನೂ ಚರ್ಚೆ ನಡೆದಿದೆ. ತಗ್ಗಿನಲ್ಲಿ ಕೂರಿಸಿದ್ದೇ ಪಂಚಾಯಿತಿ, ಹಾಗಾಗಿ ಅರ್ಧ ಭಾರ ಪಂಚಾಯಿತಿಯದ್ದೇ ಆಗಲಿ ಎಂಬುದು ಕಾಲೋನಿಯ ವಾದ. ನಾನು ಅದನ್ನು ಒಪ್ಪುತ್ತೇನೆ.

ಎತ್ತಿದ ಕೆಸರಿಗೆ ಜಾಗ ಬೇಕು. ದೇವನಹಳ್ಳಿಯಲ್ಲಿ 2015ರಿಂದಲೇ ಊರಿನ ಮಲದ ಕೆಸರನ್ನು ಶುದ್ಧ ಮಾಡಿ ಒಣಗಿಸಿ ಗೊಬ್ಬರ ಮಾಡುವ ಘಟಕ ಇದೆ, ಸದಸ್ಯರಿಗೆ ಅದರ ಬಗ್ಗೆ ಹೇಳಿದೆವು. ಒಂದೇ ಪಂಚಾಯಿತಿಗೆ ಅಂಥ ಘಟಕ ದುಬಾರಿ. ನಾಲ್ಕಾರು ಪಂಚಾಯಿತಿ ಸೇರಿ ಮಾಡಿದರೆ ನಡೆಯುತ್ತದೆ. ಆದರೆ ಅಚ್ಚುಕಟ್ಟಿನ ಒಳಗೆ ಒಣಗಿಸುವ ಹಾಸಿಗೆಗೆ ಬೇಕಾದ ಒಣ ಜಾಗ ಸಿಗುವುದಿಲ್ಲ, ಕಂದಕ ತೋಡಿ ಹೂಳುವುದಂತೂ ಇಲ್ಲಿ ಆಗಲೇಬಾರದು. ಆನಗೋಡಿನ ಕಡೆಯ ಎತ್ತರದ ನೆಲ ತಾಂತ್ರಿಕವಾಗಿ ಸರಿ. ಆದರೆ ಆ ಕಡೆಯವರು, ನಿಮ್ಮ ಊರಿನದು ನಮ್ಮ ಊರಿಗೇಕೆ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ಅವರಿಗೂ ಅದೇ ಗಾಡಿಯ ಸೇವೆ, ಒಣಗಿದ ಗೊಬ್ಬರದಲ್ಲಿ ಪಾಲು, ಘಟಕದಲ್ಲಿ ಕೆಲಸ, ಇಷ್ಟನ್ನು ಬರವಣಿಗೆಯಲ್ಲಿ ಕೊಡದೆ ಜಾಗ ಕೇಳುವಂತಿಲ್ಲ ಎಂದು ತಾಲ್ಲೂಕು ಪಂಚಾಯಿತಿಗೆ ಕೊಟ್ಟ ಟಿಪ್ಪಣಿಯಲ್ಲಿ ಬರೆದಿದ್ದೇವೆ.

ಸದ್ಯ ಹಳೇ ಊರಿನ ಚೇಂಬರ್ ಕೆಲಸ ಮುಗಿದಿದೆ. ಕಾಲೋನಿಯ ಮೊದಲ ಓಣಿಯ ಟ್ಯಾಂಕ್ ಮತ್ತು ಪಾತಿಯನ್ನು ನಾಲೆ ನಿಂತಿರುವಾಗಲೇ ಕಟ್ಟಿ, ನೀರು ತುಂಬಿಸಿ, ಸೋರುತ್ತದೆಯೇ ಎಂದು ಗೋಡೆಗೆ ಗೆರೆ ಎಳೆದು ನೋಡಬೇಕು. ಉಳಿದ ಓಣಿಗಳ ಕೆಲಸವನ್ನು ಮೊದಲ ಓಣಿಯದು ಒಂದು ಇಡೀ ಬೆಳೆಯ ನೀರನ್ನು ತಡೆದುಕೊಂಡ ಮೇಲೆಯೇ ಶುರು ಮಾಡುವುದೆಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ಕಾಲೋನಿಯ ಹೆಂಗಸರಿಗೆ ಶಾಲೆ ಪಕ್ಕದ ಎತ್ತರದ ಜಾಗದಲ್ಲಿರುವ ಸಾಮೂಹಿಕ ಶೌಚಾಲಯವನ್ನು ನಸುಕಿನಿಂದಲೇ ತೆರೆದಿಡಬೇಕು, ದೀಪ ಹಾಕಬೇಕು. ಬೀಗದ ಕೈ ಸಂಘದವರ ಹತ್ತಿರವೇ ಇರಲಿ ಎಂದು ಅವರು ಕೇಳಿದ್ದಾರೆ, ಪಂಚಾಯಿತಿ ಕೊಟ್ಟಿದೆ.